ಬಿಳಿಚಿದ ಬಂಪರು, ಸುಲಿದ ಬಣ್ಣ: ಓದುಗರ ಪ್ರಶ್ನೆಗಳಿಗೆ ಉತ್ತರ

ಮಳೆಗಾಲ ಹಿಂದೆ ಸರಿದು ಬಿಸಿಲು ಹದಕ್ಕೆ ಬರುತ್ತಿದ್ದಂತೆ ಕಾರಿನ ಹೊರಮೈಯ ಕುರಿತಾದ ಪತ್ರಗಳು ಹೆಚ್ಚುತ್ತವೆ. ಈ ಬಾರಿ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯವನ್ನು ಕೇಳಿರುವುದರಿಂದ, ಎಂಜಿನ್ನು, ಟೈರು, ವಿಮೆಯ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಉಳಿಸಿಕೊಂಡು, ಬಂಪರು, ಚಕ್ರದ ಸುತ್ತಲಿನ ಕ್ಲ್ಯಾಡಿಂಗು, ಬಾಗಿಲಿನ ಕೆಳಪಟ್ಟಿ, ವೈಪರಿನ ಬುಡದ ಜಾಲರಿ ಮುಂತಾದ ಕಪ್ಪು ಪ್ಲಾಸ್ಟಿಕ್ ಭಾಗಗಳ ಬಗ್ಗೆ ಮಾತ್ರ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ಕಾರಿಗೆ ಒಂಬತ್ತು ವರ್ಷವಾಗಿದೆ. ಬಾಡಿಯ ಬಣ್ಣ ಇನ್ನೂ ಹೊಳೆಯುತ್ತಿದೆ; ಆದರೆ ಸುತ್ತಲಿನ ಕಪ್ಪು ಪ್ಲಾಸ್ಟಿಕ್ ಬೂದಿ ಬಳಿದಂತೆ ಬಿಳಿಚಿಕೊಂಡಿದೆ. ವಾಟರ್ ವಾಶ್ ಮಾಡುವವರು ಹಚ್ಚುವ ಪಾಲಿಶ್‌ನಿಂದ ಎರಡು ವಾರ ಕಪ್ಪಾಗಿದ್ದು ಮತ್ತೆ ಮೊದಲಿನಂತೆಯೇ ಆಗುತ್ತದೆ. ಟಿಂಕರಿಂಗ್ ಅಂಗಡಿಯವರು ಎಲ್ಲವನ್ನೂ ಬಿಚ್ಚಿ ಪೇಂಟ್ ಮಾಡಿಬಿಡೋಣ ಎನ್ನುತ್ತಿದ್ದಾರೆ. ಮಾಡಿಸಬಹುದೇ?
– ಪ್ರೌಢಶಾಲಾ ಶಿಕ್ಷಕಿ, ಹಾಸನ

ಉತ್ತರ: ಮಾಡಿಸಬಹುದು, ಆದರೆ ಅದನ್ನು ಕೊನೆಯ ಉಪಾಯವಾಗಿ ಇಟ್ಟುಕೊಳ್ಳಿ. ಕಾರ್ಖಾನೆಯಿಂದ ಬರುವಾಗ ಈ ಭಾಗಗಳ ಮೇಲೆ ಬಳಿದ ಬಣ್ಣ ಇರುವುದಿಲ್ಲ; ಕಪ್ಪು ಬಣ್ಣವು ಪ್ಲಾಸ್ಟಿಕ್ಕಿನ ಒಡಲಲ್ಲೇ ಬೆರೆತಿರುತ್ತದೆ. ಹಾಗಾಗಿ ಗೇಟಿಗೆ ತಾಗಿದರೂ ಬೇಲಿಗೆ ಉಜ್ಜಿದರೂ ಗೀರಿನ ಒಳಗೆ ಕಾಣುವುದು ಅದೇ ಕಪ್ಪು. ಒಮ್ಮೆ ಅದರ ಮೇಲೆ ಪೇಂಟ್ ಕೂರಿಸಿದಿರೋ, ಅಂದಿನಿಂದ ಪ್ರತಿಯೊಂದು ಗೀರೂ ಎದ್ದು ಕಾಣುತ್ತದೆ, ಕಲ್ಲು ಸಿಡಿದ ಕಡೆಯೆಲ್ಲ ಚಕ್ಕೆ ಏಳುತ್ತದೆ, ಮತ್ತು ಕೆಲವು ವರ್ಷಕ್ಕೊಮ್ಮೆ ಮತ್ತೆ ಬಳಿಸುವ ಸಾಲಪತ್ರಕ್ಕೆ ನೀವೇ ಸಹಿ ಹಾಕಿದಂತಾಗುತ್ತದೆ.

ಅದಕ್ಕೂ ಮೊದಲು, ಬಿಳಿಚಿರುವುದು ಪ್ಲಾಸ್ಟಿಕ್ಕೇ ಅಥವಾ ಅದರ ಮೇಲೆ ಕೂತಿರುವ ಮತ್ತೇನಾದರೂ ಇದೆಯೇ ಎಂಬುದನ್ನು ತಿಳಿದುಕೊಳ್ಳಬೇಕು. ನಿಮ್ಮ ತರಗತಿಯಲ್ಲಿ ಸಿಗುವ ಪೆನ್ಸಿಲ್ ರಬ್ಬರೇ ಈ ಪರೀಕ್ಷೆಗೆ ಸಾಕು. ಒಣಗಿದ ಭಾಗದ ಮೇಲೆ ಎರಡು ಬೆರಳಗಲ ಜಾಗವನ್ನು ರಬ್ಬರಿನಿಂದ ಉಜ್ಜಿ ನೋಡಿ. ಕಪ್ಪು ಮರಳಿ, ಉಜ್ಜಿದ ಪುಡಿಯಲ್ಲಿ ಬಿಳಿ ಬಂದರೆ ಅದು ಬಾಡಿಗೆ ಹಚ್ಚುವಾಗ ಅಂಚು ಮೀರಿ ಬಂದ ವ್ಯಾಕ್ಸ್. ಪ್ಲಾಸ್ಟಿಕ್ಕಿನ ಮೇಲ್ಮೈ ಚರ್ಮದಂತೆ ಕಣಕಣವಾಗಿರುವುದರಿಂದ ಆ ತಗ್ಗುಗಳಲ್ಲಿ ವ್ಯಾಕ್ಸ್ ಕೂತು ಒಣಗಿ ಬೆಳ್ಳಗಾಗಿರುತ್ತದೆ. ಬೆಚ್ಚಗಿನ ನೀರು, ಕಾರಿನ ಶಾಂಪೂ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ ಇದ್ದರೆ ಅರ್ಧ ದಿನದಲ್ಲಿ ಕೆಲಸ ಮುಗಿಯುತ್ತದೆ, ಒಂದು ರೂಪಾಯಿಯ ಪೇಂಟೂ ಬೇಡ. ನೀರಿನ ಹನಿ ಇಳಿದ ಜಾಡಿನಲ್ಲೇ ಬಿಳಿ ಗೆರೆಗಳಿದ್ದರೆ ಅದು ಬೋರ್‌ವೆಲ್ ನೀರಿನ ಸುಣ್ಣ. ಇವೆರಡೂ ಅಲ್ಲದೆ, ಒದ್ದೆ ಮಾಡಿದಾಗ ಇಡೀ ಭಾಗ ಕಪ್ಪಾಗಿ, ಒಣಗಿದೊಡನೆ ಇಡಿಯಾಗಿ ಬೆಳ್ಳಗಾದರೆ ಮಾತ್ರ ಪ್ಲಾಸ್ಟಿಕ್ ತಾನೇ ಸವೆದಿದೆ ಎಂದು ತಿಳಿಯಬೇಕು.

ನಿಮ್ಮ ಪತ್ರದ ವಿವರ ನೋಡಿದರೆ ಈ ಮೂರನೆಯದೇ ಇರಬೇಕು. ಅಂಗಳದಲ್ಲಿ ವರ್ಷಗಟ್ಟಲೆ ಬಿಟ್ಟ ಪ್ಲಾಸ್ಟಿಕ್ ಕುರ್ಚಿಯ ಕೈ ಸವರಿದರೆ ಬಿಳಿ ಪುಡಿ ಅಂಟುವುದನ್ನು ಕಂಡಿರುತ್ತೀರಿ. ಆ ಕುರ್ಚಿಯೂ ನಿಮ್ಮ ಕಾರಿನ ಕ್ಲ್ಯಾಡಿಂಗೂ ಹೆಚ್ಚುಕಡಿಮೆ ಒಂದೇ ಕುಲದವು: ಪಾಲಿಪ್ರೊಪಿಲೀನ್. ಕಾರಿನದಕ್ಕೆ ಬಾಗುವ ಗುಣ ಬರಲೆಂದು ರಬ್ಬರನ್ನೂ ಗಟ್ಟಿತನಕ್ಕೆಂದು ಟಾಲ್ಕ್ ಪುಡಿಯನ್ನೂ ಸೇರಿಸಿರುತ್ತಾರೆ, ಅಷ್ಟೇ ವ್ಯತ್ಯಾಸ. ಬಿಸಿಲಿನ ನೇರಳಾತೀತ ಕಿರಣಗಳು ಮೇಲ್ಪದರದ ಉದ್ದುದ್ದ ಅಣುಸರಪಣಿಗಳನ್ನು ಕಡಿಯುತ್ತವೆ, ಗಾಳಿಯ ಆಮ್ಲಜನಕ ಆ ತುಂಡುಗಳಿಗೆ ಕೂಡಿಕೊಳ್ಳುತ್ತದೆ, ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಹುಟ್ಟುತ್ತವೆ, ಆ ಬಿರುಕುಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುವುದರಿಂದ ಕಪ್ಪು ನಮಗೆ ಬೂದಿಯಾಗಿ ಕಾಣುತ್ತದೆ. ನೀರು ಅಥವಾ ಎಣ್ಣೆ ಆ ಬಿರುಕುಗಳನ್ನು ತುಂಬಿದಾಗ ಕಪ್ಪು ಮರಳಿದಂತೆ ತೋರುವುದೂ, ಅದು ಆರಿದಾಗ ಬಿಳುಪು ತಿರುಗಿ ಬರುವುದೂ ಇದರಿಂದಲೇ. ಹಾಸನ, ಚಿಕ್ಕಮಗಳೂರುಗಳು ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಎತ್ತರದಲ್ಲಿವೆ. ಅಷ್ಟು ಎತ್ತರಕ್ಕೆ ನೇರಳಾತೀತ ಕಿರಣಗಳ ತೀವ್ರತೆ ಶೇ 10ರಷ್ಟು ಹೆಚ್ಚುತ್ತದೆ. ನಮ್ಮಲ್ಲಿ ಸೆಖೆ ಕಡಿಮೆ ಎಂದು ಬಿಸಿಲನ್ನು ಹಗುರವಾಗಿ ಕಾಣುವುದು ಸರಿಯಲ್ಲ.

ವಾಟರ್ ವಾಶ್ ಅಂಗಡಿಯ ಪಾಲಿಶ್ ಸಾಮಾನ್ಯವಾಗಿ ಸಿಲಿಕಾನ್ ಎಣ್ಣೆ. ಅದು ಬಿರುಕನ್ನು ತುಂಬುತ್ತದೆ, ಮಳೆ ಅದನ್ನು ತೊಳೆಯುತ್ತದೆ. ಇದರ ಬದಲು ಪ್ಲಾಸ್ಟಿಕ್ ಟ್ರಿಮ್‌ಗೆಂದೇ ಮಾರುವ, ಹಚ್ಚಿದ ಮೇಲೆ ಒಣಗಿ ಗಟ್ಟಿಯಾಗುವ ಲೇಪನಗಳಿವೆ. ಕೆಲವದರಲ್ಲಿ ಕಪ್ಪು ಬಣ್ಣವೂ ಬೆರೆತಿರುತ್ತದೆ, ಕೆಲವು ಸೆರಾಮಿಕ್ ಜಾತಿಯವು. ಎಣ್ಣೆಯಂತೆ ದಿನಗಳ ಲೆಕ್ಕದಲ್ಲಲ್ಲದೆ ತಿಂಗಳುಗಳ ಲೆಕ್ಕದಲ್ಲಿ ಅವು ಉಳಿಯುತ್ತವೆ, ಆದರೆ ಒಂದು ಷರತ್ತಿನ ಮೇಲೆ: ಹಳೆಯ ಸಿಲಿಕಾನ್ ಪೂರ್ತಿ ಹೋಗಿರಬೇಕು. ಶಾಂಪೂವಿನಿಂದ ಎರಡು ಬಾರಿ ಬ್ರಷ್ ಹಾಕಿ ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಿಸಿ, ಔಷಧಿ ಅಂಗಡಿಯಲ್ಲೂ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲನ್ನು ಬಿಳಿ ಬಟ್ಟೆಗೆ ಹಾಕಿ ಒರೆಸಿ. ಬಟ್ಟೆಗೆ ಕೊಳೆ ಹತ್ತುವುದು ನಿಂತ ಮೇಲೆ ಲೇಪನ ಹಚ್ಚಿ. ಹಚ್ಚುವ ಮುನ್ನ ನಂಬರ್ ಪ್ಲೇಟ್ ಬಿಚ್ಚಿ ಅದರ ಹಿಂದಿನ ಪ್ಲಾಸ್ಟಿಕ್ಕನ್ನು ನೋಡಿಕೊಳ್ಳಿ. ಬಿಸಿಲು ಕಾಣದ ಆ ಜಾಗದಲ್ಲಿ ಮೂಲ ಬಣ್ಣ ಹಾಗೆಯೇ ಇರುತ್ತದೆ, ಮತ್ತು ಎಷ್ಟೋ ಕಾರುಗಳಲ್ಲಿ ಅದು ಕಾಡಿಗೆಗಪ್ಪಲ್ಲ, ಇದ್ದಿಲಿನ ಬೂದುಗಪ್ಪು. ಮಾಲೀಕರ ನೆನಪಿನಲ್ಲಿ ಮಾತ್ರ ಕಾರು ಹೊಸದಿದ್ದಾಗ ಅದಕ್ಕಿಂತ ಕಪ್ಪಾಗಿತ್ತು.

ಲೇಪನವೂ ನಿಲ್ಲದಷ್ಟು ಸವೆದಿದ್ದರೆ, ಪೇಂಟಿನ ಮಾತಿಗೆ ಹೋಗುವ ಮುನ್ನ ಹೊಸ ಭಾಗದ ಬೆಲೆ ವಿಚಾರಿಸಿ. ಚಕ್ರದ ಸುತ್ತಿನ ಕ್ಲ್ಯಾಡಿಂಗು ಬಹುತೇಕ ಕ್ಲಿಪ್ಪುಗಳ ಮೇಲೆಯೇ ನಿಂತಿರುತ್ತದೆ. ಬಿಚ್ಚಿ, ಸರಿಯಾಗಿ ತಯಾರಿಸಿ, ಪೇಂಟ್ ಮಾಡುವ ಕೂಲಿಯ ಪಕ್ಕದಲ್ಲಿ ಹೊಸದರ ಬೆಲೆಯನ್ನಿಟ್ಟು ನೋಡಿದಾಗ ಹಲವೊಮ್ಮೆ ಹೊಸದೇ ಗೆಲ್ಲುತ್ತದೆ.

ಪ್ರಶ್ನೆ: ನಾವು ತೆಂಗಿನ ಸೀಮೆಯವರು, ಮನೆಯಲ್ಲೇ ಎಣ್ಣೆ ಇರುತ್ತದೆ. ಬಂಪರಿಗೆ ಕೊಬ್ಬರಿ ಎಣ್ಣೆ ಸವರಿದರೆ ಕಪ್ಪಾಗುತ್ತದೆಂದು ಅಣ್ಣ ಹೇಳುತ್ತಾರೆ. ಸರ್ವೀಸ್ ಸ್ಟೇಷನ್ನಿನವರು ಡೀಸೆಲ್ ಸಿಂಪಡಿಸುತ್ತಾರೆ. ಯಾವುದು ಮೇಲು?
– ಕೃಷಿಕರು, ಅರಸೀಕೆರೆ

ಉತ್ತರ: ಎರಡೂ ಬೇಡ, ಆದರೆ ಒಂದನ್ನು ಆರಿಸಲೇಬೇಕೆಂದರೆ ನಿಮ್ಮಣ್ಣನವರ ಎಣ್ಣೆಯೇ ವಾಸಿ, ಅದರಿಂದ ಹಾನಿಯಿಲ್ಲ, ಉಪಯೋಗವೂ ಹೆಚ್ಚಿಲ್ಲ. ನಿಮ್ಮ ಕಡೆಯ ಒಣ ರಸ್ತೆಗಳಲ್ಲಿ ಎಣ್ಣೆ ಸವರಿದ ಬಂಪರು ಸಂಜೆಯೊಳಗೆ ಧೂಳಿನ ಹೊದಿಕೆ ಹೊದ್ದುಕೊಂಡಿರುತ್ತದೆ. ಇನ್ನೊಂದು ವಿಷಯ ನಿಮಗೇ ಚೆನ್ನಾಗಿ ಗೊತ್ತಿದೆ: ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಮಾಗಿಯ ಬೆಳಗ್ಗೆ ಸ್ನಾನಕ್ಕೆ ಮುಂಚೆ ಬಾಟಲಿಯನ್ನು ಬಿಸಿನೀರಿನಲ್ಲಿಡುವಂತೆ ಬಂಪರನ್ನೂ ಇಡಲಾಗುವುದಿಲ್ಲ. ಪ್ಲಾಸ್ಟಿಕ್ಕಿನ ಕಣಗಳ ನಡುವೆ ಎಣ್ಣೆ ಹೆಪ್ಪುಗಟ್ಟಿ, ಹೋಗಲಾಡಿಸಬೇಕೆಂದುಕೊಂಡ ಬಿಳುಪನ್ನೇ ಮತ್ತೆ ತೋರಿಸುತ್ತದೆ.

ಡೀಸೆಲ್ಲಿನ ವಿಷಯ ಹಾಗಲ್ಲ. ಕ್ಲ್ಯಾಡಿಂಗಿನಲ್ಲಿ ಬೆರೆತಿರುವ, ಬಾಗಿಲಿನ ಬೀಡಿಂಗಿನಲ್ಲಂತೂ ಮುಖ್ಯವಾಗಿರುವ ಇಪಿಡಿಎಂ ಎಂಬ ರಬ್ಬರು ಬಿಸಿಲು ಮಳೆಗಳನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಪೆಟ್ರೋಲಿಯಂ ಎಣ್ಣೆಗಳನ್ನು ಹೀರಿ ಉಬ್ಬುತ್ತದೆ. ಪ್ರತಿ ಸರ್ವೀಸಿನಲ್ಲೂ ಡೀಸೆಲ್ ಕುಡಿದ ಬೀಡಿಂಗು ಸಡಿಲವಾಗಿ, ಮಳೆಗಾಲದಲ್ಲಿ ಬಾಗಿಲಿನೊಳಗೆ ನೀರು ಬಿಡುವುದನ್ನು ನಾನು ಕಂಡಿದ್ದೇನೆ. ಸೀಮೆಎಣ್ಣೆ, ಪೆಟ್ರೋಲು, ಎಂಜಿನ್ನಿನಿಂದ ಇಳಿಸಿದ ಹಳೆಯ ಆಯಿಲ್, ಇವೆಲ್ಲ ಇದೇ ಸಾಲಿನವು. ಬೂಟ್ ಪಾಲಿಶ್ ಬಗ್ಗೆಯೂ ಇಬ್ಬರು ಕೇಳಿದ್ದಾರೆ. ಒರಗಿ ನಿಂತವರ ಪಂಚೆಗೆ, ಸೀರೆಗೆ ಅದು ಎಷ್ಟು ಚೆನ್ನಾಗಿ ಹತ್ತುತ್ತದೆಯೋ ಬಂಪರಿಗೆ ಅಷ್ಟು ಹತ್ತುವುದಿಲ್ಲ.

ಪ್ರಶ್ನೆ: ತೋಟದಲ್ಲಿ ನಿಲ್ಲಿಸುವ ಜೀಪಿನ ಪ್ಲಾಸ್ಟಿಕ್ ಭಾಗಗಳ ಮೇಲೆಲ್ಲ ತಿಳಿನೀಲಿ ಬೆರೆತ ಬಿಳಿ ಚುಕ್ಕೆಗಳು ಬಿದ್ದಿವೆ. ಶಾಂಪೂ ಹಾಕಿ ತೊಳೆದರೂ ಹೋಗುತ್ತಿಲ್ಲ. ಪ್ಲಾಸ್ಟಿಕ್ ಹಾಳಾಗಿದೆಯೇ?
– ಕಾಫಿ ಬೆಳೆಗಾರರು, ಮೂಡಿಗೆರೆ

ಉತ್ತರ: ಹಾಳಾಗಿಲ್ಲ. ನೀಲಿಯ ಗುರುತೇ ಇದರ ಮೂಲವನ್ನು ಹೇಳುತ್ತದೆ: ಗಿಡಕ್ಕೆ ಹೊಡೆದ ಬೋರ್ಡೋ ದ್ರಾವಣ ಗಾಳಿಯಲ್ಲಿ ತೇಲಿ ಜೀಪಿನ ಮೇಲೆ ಕೂತಿದೆ. ಮೈಲುತುತ್ತದೊಂದಿಗೆ ಸೇರಿಸಿದ ಸುಣ್ಣವು ಎಲೆಯ ಮೇಲೆ ಮಳೆಗೂ ತೊಳೆದುಹೋಗದಂತೆ ನಿಲ್ಲಬೇಕೆಂಬುದೇ ಅದರ ಗುಣ. ಶಾಂಪೂವಿಗೆ ಬಗ್ಗದಿರುವುದರಲ್ಲಿ ಆಶ್ಚರ್ಯವಿಲ್ಲ. ಅಡುಗೆಮನೆಯ ವಿನೆಗರ್‌ಗೆ ಸಮಪ್ರಮಾಣದ ನೀರು ಬೆರೆಸಿ, ಬಟ್ಟೆಯನ್ನು ಅದ್ದಿ ಚುಕ್ಕೆಗಳ ಮೇಲೆ ಐದು ನಿಮಿಷ ಹೊದಿಸಿ, ಮೃದುವಾದ ಬ್ರಷ್ಷಿನಿಂದ ಉಜ್ಜಿ, ಕೂಡಲೇ ಧಾರಾಳವಾಗಿ ನೀರು ಹಾಕಿ ತೊಳೆಯಿರಿ. ಲೋಹದ ಭಾಗಗಳ ಮೇಲೆ ವಿನೆಗರ್ ಉಳಿಯದಂತೆ ನೋಡಿಕೊಳ್ಳಿ. ಹಸಿರು ಪಾಚಿ ಸೇರಿಕೊಂಡ ಸಂದುಗಳಿಗೆ ಬರಿಯ ಶಾಂಪೂ ಮತ್ತು ಬ್ರಷ್ಷೇ ಸಾಕು. ಮುಂದಿನ ಸಿಂಪಡಣೆಯ ದಿನ ಜೀಪನ್ನು ಗಾಳಿ ಬೀಸಿ ಬರುವ ದಿಕ್ಕಿನಲ್ಲಿ ನಿಲ್ಲಿಸಿದರೆ ಇಷ್ಟೂ ಕೆಲಸ ಉಳಿಯುತ್ತದೆ.

ಪ್ರಶ್ನೆ: ಕಳೆದ ಮೇ ತಿಂಗಳ ಕೊನೆಯಲ್ಲಿ ಸ್ಪ್ರೇ ಡಬ್ಬಿಗಳನ್ನು ತಂದು ಮುಂದಿನ ಬಂಪರಿನ ಕೆಳಭಾಗ ಮತ್ತು ನಾಲ್ಕೂ ಕ್ಲ್ಯಾಡಿಂಗುಗಳಿಗೆ ನಾನೇ ಕಪ್ಪು ಬಣ್ಣ ಹೊಡೆದೆ. ಉಪ್ಪುಕಾಗದದಿಂದ ಉಜ್ಜಿದ್ದೆ, ಪ್ರೈಮರ್ ಕೂಡ ಹೊಡೆದಿದ್ದೆ. ಆರಿದ್ರಾ ಮಳೆ ಮುಗಿಯುವುದರೊಳಗೆ ಬಾಳೆಪಟ್ಟೆ ಸುಲಿದಂತೆ ಉದ್ದುದ್ದಕ್ಕೆ ಎದ್ದು ಬಂತು. ಎಲ್ಲಿ ತಪ್ಪಿದೆ?
– ಸಕಲೇಶಪುರದ ಓದುಗರು

ಉತ್ತರ: ನಿಮ್ಮ ಪತ್ರದಲ್ಲಿ ಬಹಳ ಉಪಯೋಗದ ಮಾತೊಂದಿದೆ, ಅದು ಬಾಳೆಪಟ್ಟೆಯ ಹೋಲಿಕೆ. ಬಣ್ಣ ಪುಡಿಯಾಗಿ ಉದುರಿದ್ದರೆ ಬಣ್ಣದ ಗುಣದಲ್ಲಿ ದೋಷ ಹುಡುಕಬಹುದಿತ್ತು. ಪಟ್ಟೆಯಾಗಿ ಸುಲಿದಿದೆ ಎಂದರೆ ಬಣ್ಣ ಗಟ್ಟಿಯಾಗಿಯೇ ಇದೆ, ಪ್ಲಾಸ್ಟಿಕ್ಕನ್ನು ಅದು ಹಿಡಿದೇ ಇಲ್ಲ. ಪಾಲಿಪ್ರೊಪಿಲೀನ್ ಯಾವುದನ್ನೂ ಸುಲಭಕ್ಕೆ ಅಂಟಿಸಿಕೊಳ್ಳದ ವಸ್ತು. ತಗಡಿಗೆಂದು ಮಾರುವ ಬೂದು ಪ್ರೈಮರ್ ಅದರ ಮೇಲೆ ಕೂರುತ್ತದೆಯೇ ಹೊರತು ಬೇರೂರುವುದಿಲ್ಲ. ಇದಕ್ಕೆ ಬೇಕಾದದ್ದು ಪೇಂಟ್ ಅಂಗಡಿಯಲ್ಲಿ ಪ್ಲಾಸ್ಟಿಕ್ ಪ್ರೈಮರ್ ಅಥವಾ ಅಡ್ಹೀಷನ್ ಪ್ರಮೋಟರ್ ಎಂದು ಸಿಗುವ, ನೀರಿನಂತೆ ತೆಳುವಾದ ದ್ರವ. ಡಬ್ಬಿಯ ಮೇಲೆ ಪಿಪಿ ಅಥವಾ ಪಾಲಿಪ್ರೊಪಿಲೀನ್ ಎಂದು ಬರೆದಿದೆಯೇ ಎಂದು ನೋಡಿ ಕೊಳ್ಳಬೇಕು.

ನಿಮ್ಮ ಭಾಗ ಯಾವ ಪ್ಲಾಸ್ಟಿಕ್ಕಿನದೆಂದು ಅದರ ಬೆನ್ನ ಮೇಲೇ ಅಚ್ಚೊತ್ತಿರುತ್ತಾರೆ. ಪಿಪಿ ಅಥವಾ ಪಿಪಿ ಕೂಡಿಸು ಇಪಿಡಿಎಂ ಎಂದಿದ್ದರೆ ಮೇಲೆ ಹೇಳಿದ ದ್ರವ ಬೇಕೇ ಬೇಕು. ಗ್ರಿಲ್ಲು, ಕನ್ನಡಿಯ ಕವಚ ಮುಂತಾದವುಗಳಲ್ಲಿ ಬರುವ ಎಬಿಎಸ್ (ಇನ್ನೊಂದು ಜಾತಿಯ ಪ್ಲಾಸ್ಟಿಕ್) ಎಂದಿದ್ದರೆ ಬಣ್ಣ ಸುಲಭವಾಗಿ ಹಿಡಿಯುತ್ತದೆ. ಅಚ್ಚು ಅಳಿಸಿಹೋಗಿದ್ದರೆ ಒಂದು ಚೂರನ್ನು ನೀರಿಗೆ ಹಾಕಿ ನೋಡುವ ಪದ್ಧತಿಯಿದೆ. ತೇಲಿದರೆ ಪಾಲಿಪ್ರೊಪಿಲೀನ್ ಜಾತಿಯದೆಂದು ತಿಳಿಯಬಹುದು. ಮುಳುಗಿದರೆ ಮಾತ್ರ ಏನನ್ನೂ ತೀರ್ಮಾನಿಸಬೇಡಿ, ಏಕೆಂದರೆ ಟಾಲ್ಕ್ ಸೇರಿದ ಪಾಲಿಪ್ರೊಪಿಲೀನ್ ಕೂಡ ಮುಳುಗಬಹುದು.

ಎರಡನೆಯ ತಪ್ಪು ಕಾಲದ್ದು. ಮೇ ಕೊನೆಯ ಸಕಲೇಶಪುರದ ಗಾಳಿಯಲ್ಲಿ ನೀರೇ ತುಂಬಿರುತ್ತದೆ. ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವವನ್ನು ಎಳೆದುಕೊಳ್ಳುವುದರಿಂದ ಬಣ್ಣದಲ್ಲಿ ಮಬ್ಬು ಕವಿಯುತ್ತದೆ, ಪದರಗಳ ನಡುವೆ ತೇವ ಸಿಕ್ಕಿಕೊಳ್ಳುತ್ತದೆ. ನಮ್ಮ ಮಲೆನಾಡಿನ ಅಂಚಿನಲ್ಲಿ ಈ ಕೆಲಸಕ್ಕೆ ಡಿಸೆಂಬರಿನಿಂದ, ಕಾಫಿ ಹೂವರಳಿಸುವ ಹೂಮಳೆ ಬೀಳುವವರೆಗಿನ ಅವಧಿಯೇ ಸರಿಯಾದದ್ದು. ಆಗಲೂ ಇಬ್ಬನಿ ಪೂರ್ತಿ ಆರಿದ ಮೇಲೆ, ಬೆಳಗಿನ ಹತ್ತು ಗಂಟೆಯ ನಂತರ ಆರಂಭಿಸಿ ಮಧ್ಯಾಹ್ನ ಮೂರರೊಳಗೆ ಮುಗಿಸಬೇಕು. ಅದು ಕಾಫಿ ಒಣಗಿಸುವ ಕಾಲವೂ ಹೌದು. ಕಣದ ಹತ್ತಿರ ಮಾತ್ರ ಸ್ಪ್ರೇ ಹೊಡೆಯಬೇಡಿ. ಕಾಫಿ ಸುತ್ತಲಿನ ವಾಸನೆಯನ್ನು ಎಳೆದುಕೊಳ್ಳುತ್ತದೆ, ಬಂಪರಿನ ಚೆಲುವಿಗಾಗಿ ಒಂದು ಕಣ ಕಾಫಿಯನ್ನು ಥಿನ್ನರ್ ವಾಸನೆಗೆ ಒಪ್ಪಿಸುವುದು ಯಾವ ಲೆಕ್ಕದಲ್ಲೂ ಲಾಭವಲ್ಲ.

ಈಗ ಮಾಡಬೇಕಾದದ್ದು ಇಷ್ಟು. ಅರ್ಧ ಸುಲಿದ ಬಣ್ಣದ ಮೇಲೆ ಮತ್ತೆ ಬಣ್ಣ ಹೊಡೆದರೆ ಹೊಸದೂ ಹಳೆಯದರ ಜೊತೆಗೇ ಎದ್ದು ಬರುತ್ತದೆ, ಆದ್ದರಿಂದ ಇರುವುದನ್ನೆಲ್ಲ ತೆಗೆಯಲೇಬೇಕು. ವಾಟರ್ ವಾಶ್‌ನ ಒತ್ತಡದ ನೀರು ಮತ್ತು ಪ್ಲಾಸ್ಟಿಕ್ ಚಮಚದ ಅಂಚು ಸಾಕಾಗುತ್ತವೆ; ಬಣ್ಣ ತೆಳುಮಾಡುವ ಎನ್‌ಸಿ ಥಿನ್ನರ್ ಬಳಸಬೇಡಿ, ಪಕ್ಕದಲ್ಲಿ ಎಬಿಎಸ್ ಭಾಗವಿದ್ದರೆ ಅದು ಕರಗುತ್ತದೆ. ಆಮೇಲೆ ಶಾಂಪೂ, ಆಮೇಲೆ ಆಲ್ಕೋಹಾಲ್, ಆಮೇಲೆ ಉಜ್ಜುವುದು. ಈ ಕ್ರಮ ತಪ್ಪಬಾರದು. ಮೊದಲೇ ಉಜ್ಜಿದರೆ ಹಳೆಯ ಪಾಲಿಶ್‌ನ ಸಿಲಿಕಾನ್ ಗೀರುಗಳೊಳಗೆ ಇಳಿದು, ಮೇಲೆ ಬಿದ್ದ ಬಣ್ಣ ಮೀನಿನ ಕಣ್ಣಿನಂತೆ ಅಲ್ಲಲ್ಲಿ ಗುಂಡಗೆ ಬಿಟ್ಟುಕೊಳ್ಳುತ್ತದೆ. ಉಜ್ಜಲು ಬೂದು ಬಣ್ಣದ ಸ್ಕಾಚ್‌ಬ್ರೈಟ್ ಅಥವಾ 600 ನಂಬರಿನ ವಾಟರ್ ಪೇಪರ್ ಇರಲಿ. ಒರಟು ಕಾಗದ ಪಾಲಿಪ್ರೊಪಿಲೀನನ್ನು ಕತ್ತರಿಸುವುದಿಲ್ಲ, ನೂಲೆಬ್ಬಿಸುತ್ತದೆ, ಬಣ್ಣದಡಿಯಲ್ಲಿ ಆ ನೂಲು ಗಡ್ಡದಂತೆ ಕಾಣುತ್ತದೆ. ಮತ್ತೊಮ್ಮೆ ಆಲ್ಕೋಹಾಲಿನಿಂದ ಒರೆಸಿ, ಪ್ರಮೋಟರನ್ನು ತೆಳ್ಳಗೆ ಒಂದೇ ಸಮನಾಗಿ ಹಾಯಿಸಿ. ಅದು ಜೀವಂತವಾಗಿರುವ ಅವಧಿಯನ್ನು ಡಬ್ಬಿಯ ಮೇಲೆ ಬರೆದಿರುತ್ತಾರೆ, ಆ ಅವಧಿಯೊಳಗೇ ಬಣ್ಣ ಬೀಳಬೇಕು. ನಡುವೆ ಊಟಕ್ಕೆ ಹೋಗಿ ಬಂದರೆ ಮತ್ತೆ ಮೊದಲಿನಿಂದ. ಬಣ್ಣವನ್ನು 20–25 ಸೆಂಟಿಮೀಟರ್ ದೂರದಿಂದ, ಹತ್ತು ಹದಿನೈದು ನಿಮಿಷದ ಬಿಡುವು ಕೊಟ್ಟು ಮೂರು ತೆಳು ಪದರಗಳಾಗಿ ಹೊಡೆಯಿರಿ. ಮೊದಲ ಪದರದಲ್ಲಿ ಅಡಿಯ ಬೂದಿ ಕಾಣುತ್ತಲೇ ಇರಬೇಕು. ಅದನ್ನು ಮುಚ್ಚುವ ಆತುರದಲ್ಲೇ ಬಣ್ಣ ಇಳಿದು ಕಣ್ಣೀರಿನ ಗೆರೆಗಳಾಗುವುದು. ಹೊಳಪಿನ ಕಪ್ಪಿಗಿಂತ ಸ್ಯಾಟಿನ್ ಕಪ್ಪು ಮೂಲಕ್ಕೆ ಹತ್ತಿರ.

ಪಾರ್ಕಿಂಗ್ ಸೆನ್ಸರ್‌ಗಳಿದ್ದರೆ ಅವುಗಳ ಮುಖಕ್ಕೆ ಮಾಸ್ಕಿಂಗ್ ಟೇಪ್ ಹಚ್ಚುವುದನ್ನು ಮರೆಯಬೇಡಿ. ದ್ರಾವಕದ ಆವಿಗೆ ಬಟ್ಟೆ ಕಟ್ಟಿಕೊಂಡರೆ ಸಾಲದು, ಇದ್ದಿಲು ಫಿಲ್ಟರಿನ ಮುಖವಾಡ ಬೇಕು, ಹತ್ತಿರದಲ್ಲಿ ಬೆಂಕಿ ಇರಬಾರದು. ಎರಡು ದಿನ ನೀರು ತಾಗಿಸಬೇಡಿ, ಒತ್ತಡದ ನೀರನ್ನು ಒಂದು ತಿಂಗಳು ದೂರವಿಡಿ. ಎಲ್ಲಕ್ಕೂ ಮುಂಚೆ ಒಂದು ಕ್ಲ್ಯಾಡಿಂಗಿನ ಒಳಅಂಚಿನಲ್ಲಿ ಅಂಗೈಯಷ್ಟು ಜಾಗಕ್ಕೆ ಇದನ್ನೆಲ್ಲ ಮಾಡಿ, ವಾರ ಬಿಟ್ಟು ಬ್ಲೇಡಿನಿಂದ ಚೌಕುಳಿ ಗೆರೆ ಎಳೆದು, ಟೇಪ್ ಅಂಟಿಸಿ ಸರಕ್ಕನೆ ಕಿತ್ತು ನೋಡಿ. ಚೌಕಗಳು ಟೇಪಿಗೆ ಬಾರದಿದ್ದರೆ ಉಳಿದ ಭಾಗಗಳಿಗೆಲ್ಲ ಧೈರ್ಯವಾಗಿ ಕೈ ಹಾಕಿ. ಈ ಪರೀಕ್ಷೆಯನ್ನು ನಾನು ಕಲಿತದ್ದು ನನ್ನ ಹಳೆಯ ಕಾರಿನ ಎರಡು ಬಂಪರುಗಳು ಸುಲಿದುಹೋದ ಮೇಲೆ.

ಪ್ರಶ್ನೆ: ಬಿಸಿಗಾಳಿಯ ಹೀಟ್ ಗನ್ ಹಿಡಿದರೆ ಬಿಳಿಚಿದ ಪ್ಲಾಸ್ಟಿಕ್ ಕಣ್ಣೆದುರೇ ಕಪ್ಪಾಗುವ ವಿಡಿಯೊ ನೋಡಿದೆ. ಅದು ನಿಜವೇ?
– ಕಾಲೇಜು ವಿದ್ಯಾರ್ಥಿ, ಚಿಕ್ಕಮಗಳೂರು

ಉತ್ತರ: ನಿಜ. ಸವೆದ ಮೇಲ್ಪದರ ಕರಗಿ ಬಿರುಕುಗಳು ಮುಚ್ಚಿಕೊಳ್ಳುವುದರಿಂದ ಕಪ್ಪು ಮರಳುತ್ತದೆ. ಆದರೆ ವಿಡಿಯೊ ಮುಗಿದ ಮೇಲಿನ ಕಥೆಯನ್ನು ಯಾರೂ ತೋರಿಸುವುದಿಲ್ಲ. ಬಿಸಿಲಿನಿಂದ ಕಾಪಾಡುವ ಯಾವುದನ್ನೂ ನಾವು ಹೊಸದಾಗಿ ಸೇರಿಸಿಲ್ಲವಾದ್ದರಿಂದ ಬಿಳುಪು ತಿರುಗಿ ಬರುತ್ತದೆ, ಎರಡನೆಯ ಸಲ ಕರಗಿಸಲು ಮೊದಲಿನಷ್ಟು ಒಳ್ಳೆಯ ಪ್ಲಾಸ್ಟಿಕ್ ಉಳಿದಿರುವುದಿಲ್ಲ. ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿಯಲ್ಲಿ ಕರಗುತ್ತದೆ. ಗನ್ನಿನ ಬಾಯಲ್ಲಿ 500 ಡಿಗ್ರಿಯವರೆಗೂ ಬಿಸಿಯಿರಬಹುದು. ಒಂದು ಕ್ಷಣ ಕೈ ನಿಂತರೆ ಚರ್ಮದಂಥ ಕಣಗಳು ಕರಗಿ ನುಣುಪಾದ, ಹೊಳೆಯುವ ಕಲೆ ಉಳಿಯುತ್ತದೆ, ಅದಕ್ಕೆ ಔಷಧಿಯಿಲ್ಲ. ಪಕ್ಕದ ಬಾಡಿ ಪೇಂಟಿಗೂ ಅಪಾಯ. ಪ್ರಯೋಗ ಮಾಡಲೇಬೇಕೆನಿಸಿದರೆ ಗುಜರಿಯಿಂದ ಒಂದು ಹಳೆಯ ಬಂಪರ್ ತುಂಡು ತಂದು ಅದರ ಮೇಲೆ ಕೈ ಪಳಗಿಸಿಕೊಳ್ಳಿ. ನಿಮ್ಮ ತಂದೆಯವರ ಕಾರಿನ ಮೇಲೆ ಬೇಡ.

ಪ್ರಶ್ನೆ: ಬಂಪರಿನ ಮೂಲೆ ಕಲ್ಲಿಗೆ ಬಡಿದು ಗೇಣುದ್ದ ಬಿರುಕು ಬಿಟ್ಟಿದೆ. ಮೂರು ಬಗೆಯ ಗೋಂದು ಹಾಕಿದರೂ ನಿಲ್ಲುತ್ತಿಲ್ಲ. ಹೊಸ ಬಂಪರ್ ಹಾಕಿಸಲೇಬೇಕೇ?
– ಟ್ಯಾಕ್ಸಿ ಚಾಲಕರು, ಬೇಲೂರು

ಉತ್ತರ: ಬೇಕಿಲ್ಲ. ಬಣ್ಣ ಹಿಡಿಯದ ಪ್ಲಾಸ್ಟಿಕ್ ಗೋಂದನ್ನೂ ಹಿಡಿಯುವುದಿಲ್ಲ, ಕಾರಣ ಒಂದೇ. ಇದಕ್ಕೆ ಬೆಸುಗೆಯೇ ಮದ್ದು, ಮತ್ತು ಬೆಸುಗೆಯ ಕಡ್ಡಿ ಬಂಪರಿನದೇ ಜಾತಿಯ ಪ್ಲಾಸ್ಟಿಕ್ಕಿನದಾಗಿರಬೇಕು. ಬಿರುಕಿನ ತುದಿಯಲ್ಲಿ ಸಣ್ಣ ರಂಧ್ರ ಕೊರೆದರೆ ಬಿರುಕು ಮುಂದಕ್ಕೆ ಓಡುವುದು ನಿಲ್ಲುತ್ತದೆ. ನಂತರ ಹಿಂಭಾಗದಿಂದ ಬಿರುಕಿನ ಉದ್ದಕ್ಕೂ ಇಳಿಜಾರಾದ ಕಾಲುವೆ ತೋಡಿಸಿ, ತೆಳುವಾದ ಉಕ್ಕಿನ ಜಾಲರಿಯನ್ನು ಬಿಸಿಯಿಂದ ಒಳಕ್ಕೆ ಕೂರಿಸಿ, ಮೇಲೆ ಕಡ್ಡಿಯನ್ನು ಕರಗಿಸಿ ತುಂಬಿಸಿ. ಕಡ್ಡಿ ಸರಿಯಾದದ್ದೋ ಎಂದು ನೋಡಲು ಬಂಪರಿನ ಬೆನ್ನಿಗೆ ಸ್ವಲ್ಪ ಕರಗಿಸಿ ಅಂಟಿಸಿ, ಆರಿದ ಮೇಲೆ ಉಗುರಿನಿಂದ ಎಬ್ಬಿಸಲು ಹೇಳಿ. ಎದ್ದು ಬಂದರೆ ಆ ಕಡ್ಡಿ ಬೇಡ. ಮುಂಭಾಗದ ಗೆರೆಯನ್ನು ತುಂಬಿ ನುಣುಪು ಮಾಡಿಸಲು ಹೋಗಬೇಡಿ, ಕಣಕಣದ ಮೇಲ್ಮೈಯನ್ನು ಮತ್ತೆ ತರಲಾಗುವುದಿಲ್ಲ. ತೆಳುಗೆರೆಗಿಂತ ನುಣುಪಾದ ತೇಪೆಯೇ ಹೆಚ್ಚು ಕಣ್ಣಿಗೆ ಹೊಡೆಯುತ್ತದೆ. ಬಂಪರ್ ಬಿಚ್ಚಿದಾಗಲೇ ಮುರಿದ ಕ್ಲಿಪ್ಪುಗಳನ್ನು ಬದಲಿಸಿಬಿಡಿ, ಕ್ಲಿಪ್ಪಿಲ್ಲದೆ ಅಲುಗಾಡುವ ಬಂಪರು ಬೆಸುಗೆಯನ್ನು ಮತ್ತೆ ಬಿಡಿಸುತ್ತದೆ.

ಪ್ರಶ್ನೆ: ಕಿಟಕಿ ಗಾಜಿನ ಸುತ್ತಲಿನ ರಬ್ಬರ್ ಬೀಡಿಂಗೂ ಬಿಳಿಚಿದೆ. ಅದಕ್ಕೂ ಅದೇ ಕಪ್ಪು ಪೇಂಟ್ ಹೊಡೆಯಬಹುದೇ?
– ಕಡೂರಿನ ಓದುಗರು

ಉತ್ತರ: ಬೇಡ. ರಬ್ಬರು ಬಾಗಿದಾಗಲೆಲ್ಲ ಪೇಂಟ್ ಬಿರಿದು, ಗಾಜು ಇಳಿಸಿ ಏರಿಸುವಾಗ ಅದರ ಚೂರುಗಳು ಗಾಜಿಗೆ ಗೀರು ಹಾಕುತ್ತವೆ. ಒದ್ದೆ ಬಟ್ಟೆಯಿಂದ ಒರೆಸಿ, ರಬ್ಬರಿಗೆಂದೇ ಸಿಗುವ, ಪೆಟ್ರೋಲಿಯಂ ಇಲ್ಲದ ನೀರಿನಾಧಾರಿತ ಲೇಪನವನ್ನು ಬೆರಳಿಗೆ ಸುತ್ತಿದ ಬಟ್ಟೆಯಿಂದ ಸವರಿ. ಗಾಜಿಗೆ ಹತ್ತಿದ್ದನ್ನು ಕೂಡಲೇ ಒರೆಸಿ ತೆಗೆಯಿರಿ, ಇಲ್ಲದಿದ್ದರೆ ರಾತ್ರಿ ಎದುರಿನ ದೀಪಕ್ಕೆ ಗಾಜು ಮಸುಕಾಗಿ ಕಾಣುತ್ತದೆ.